ಗುಂಡಿಯಕ್ಕ
ಆಫೀಸಿನವರೆಲ್ಲ ಅವಳನ್ನು ಕರೆಯುವುದು ಗುಂಡಿಯಕ್ಕ ಎಂದೇ. ಕಂಪ್ಯೂಟರಿಗೂ ಫೋನಿಗೂ ಸಾಫ್ಟ್‌ವೇರ್ ಬರೆಯುವ ಅವಳಿಗೆ ಪರದೆಯ ಮೇಲಿನ ಗುಂಡಿ ಕೂದಲೆಳೆಯಷ್ಟು ಸರಿದರೂ ಊಟ ಸೇರದು. ಮೇಜಿನ ಮೇಲೆ ಗಾಜು ಬಿರಿದ, ಬ್ಯಾಟರಿ ಉಬ್ಬಿದ ಹಳೇ ಫೋನುಗಳ ದೊಡ್ಡ ಸಂಸಾರವೇ ಇದೆ. ಹೊಸ ಪ್ರೋಗ್ರಾಮು ಅವುಗಳಲ್ಲಿ ಯಾವುದೊಂದರಲ್ಲಿ ಮುಗ್ಗರಿಸಿದರೂ ಸಾಕು, “ಬಿಚ್ಚಿ ಮತ್ತೆ ಹೊಲಿಯೋಣ” ಎಂದು ಅಂಗಿಯ ತೋಳು ಮಡಿಸಿ ಕೆಲಸಕ್ಕೆ ಕೂತುಬಿಡುತ್ತಾಳೆ. “ಕಂಪ್ಯೂಟರಲ್ಲಿ ಚೆನ್ನಾಗೇ ಓಡ್ತಿದೆಯಲ್ಲ, ಬಿಟ್ಬಿಡಿ ಮೇಡಂ” ಎಂದು ಮ್ಯಾನೇಜರ್ ಗೋಗರೆದರೆ, “ಆನೆ ಹೋಗೋ ದಾರೀಲಿ ಇರುವೆ ಹೋಗೋದು ದೊಡ್ಡದಲ್ಲ ಸಾರ್, ಇರುವೆ ದಾರೀಲಿ ಆನೆ ನಡೀಬೇಕು” ಎನ್ನುತ್ತಾಳೆಯೇ ಹೊರತು ಹಿಡಿದ ಪಟ್ಟು ಸಡಿಲಿಸುವುದಿಲ್ಲ. ಇನ್ನು ಅವಳು ಫೋನನ್ನು ಪರೀಕ್ಷಿಸುವ ಚೆಂದ ನೋಡಬೇಕು: ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯ ಹೆಬ್ಬೆರಳೊಂದರಿಂದಲೇ ಎಲ್ಲವನ್ನೂ ಒತ್ತುತ್ತಾಳೆ. ಆಫೀಸಿನಲ್ಲಿ ಮುಸಿಮುಸಿ ನಗುತ್ತಾರೆ. ಮನೆಯಲ್ಲಿ ನಗುವವರಿಲ್ಲ. ಬದುಕಿಡೀ ಬಟ್ಟೆ ಹೊಲಿದ ಅಪ್ಪನ ಬಲಗೈ ಲಕ್ವ ಹೊಡೆದು ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ. ಅವಳು ಬರೆದದ್ದೆಲ್ಲ ಮೊದಲು ಹೋಗುವುದು ಅವರ ಎಡ ಹೆಬ್ಬೆರಳ ಕೆಳಗೆ. ನಡುಗುವ ಹೆಬ್ಬೆರಳು ಒತ್ತಲು ಹೋಗಿ ಪಕ್ಕಕ್ಕೆ ಜಾರುತ್ತದೆ. “ಗುಂಡಿ ಇನ್ನೂ ಚಿಕ್ಕದೇ ಮಗಳೇ,” ಎನ್ನುತ್ತಾರೆ ಅಪ್ಪ, “ಬಿಚ್ಚಿ ಮತ್ತೆ ಹೊಲಿ.” ಅಷ್ಟು ಹೇಳುವುದರೊಳಗೆ ಅವಳು ತೋಳು ಮಡಿಸಿ ಆಗಿರುತ್ತದೆ.