ಬರ್ತೇವೆ ಎಂದು ಹೇಳಬಾರದ ಜಾಗ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೆರೆಮನೆಯ ಹೆಂಗಸರು ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕರೆದರು ಎಂದು ಕೂತು ಮಾತಾಡುವಾಗ ನಾನು ನಗದೆ, ಹೂಂಗುಟ್ಟದೆ, ಕೆಲಸ ಉಂಟು ಎಂದು ಎದ್ದು ಬರುತ್ತಿದ್ದೆ. ನನಗೆ ಹೆದರಿಕೆ ಇದ್ದದ್ದು ಮನುಷ್ಯರ ಎದುರು ಬಾಯಿ ತೆರೆಯುವುದಕ್ಕೆ. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ. ಮಾಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಿದವಳಲ್ಲ. ಆ ಸ್ವಭಾವ ಒಂದು ದಿನ ನನ್ನ ಮಗಳ ಜೀವಕ್ಕೇ ಬರುವುದರಲ್ಲಿತ್ತು. ಮೊಮ್ಮಕ್ಕಳೇ, ಧನ್ಯಾ, ಪ್ರಣವ, ಅದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ.

ಕಳೆದ ವಾರ ಧನ್ಯಾ ಶಾಲೆಯಿಂದ ಒಂದು ಕಾಗದ ತಂದಳು. ಕಾಡಿನಲ್ಲಿ ಒಂದು ರಾತ್ರಿಯ ಶಿಬಿರ, ತಂದೆತಾಯಿಯ ಒಪ್ಪಿಗೆ ಬೇಕು. ಕಾಗದದ ಹಿಂಬದಿಯಲ್ಲಿ ಅರಣ್ಯ ಇಲಾಖೆಯ ನಿಯಮಗಳನ್ನು ಅಚ್ಚು ಹಾಕಿದ್ದಾರೆ. ಗುಡ್ಡದ ಹೆಸರು ನೋಡಿ ನಿಮ್ಮ ಅಮ್ಮ ಪೆನ್ನು ಕೆಳಗಿಟ್ಟು, "ಅಮ್ಮ, ನೀನು ಹೂಂ ಹೇಳಿದ್ರೆ ಮಾತ್ರ ನಾನು ಸಹಿ ಹಾಕುದು" ಎಂದು ಕಾಗದವನ್ನು ನನ್ನ ಕಡೆಗೆ ದೂಡಿದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಕಾಣಿಯೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೆ. ನಿಮ್ಮ ಅಮ್ಮ ಜಯ ಅಲ್ಲಿಯೇ ಒಂಬತ್ತನೆಯ ಕ್ಲಾಸು. ಡ್ರಿಲ್ ಕಲಿಸುವ ಹಮೀದ್ ಮಾಷ್ಟ್ರು ಹದಿನಾಲ್ಕು ಮಕ್ಕಳನ್ನು ಅದೇ ಗುಡ್ಡದ ಕಾಡಿಗೆ ಕರೆದುಕೊಂಡು ಹೋಗುವುದೆಂದು ಕಡತ ಹಿಡಿದು ಓಡಾಡಿ ಅನುಮತಿ ತಂದರು. ಹೆಣ್ಣು ಮಕ್ಕಳ ಜೊತೆ ಒಬ್ಬ ಹೆಂಗಸು ಇರಬೇಕೆಂದು ನಿಯಮ. ಶಾಲೆಯಲ್ಲಿದ್ದ ಒಬ್ಬರೇ ಹೆಂಗಸು ಟೀಚರ್‌ಗೆ ಕೈಗೂಸು. ಹಾಗಾಗಿ ಅಡುಗೆಗೂ ಆಯಿತು, ಕಾವಲಿಗೂ ಆಯಿತು ಎಂದು ನನ್ನನ್ನು ಸೇರಿಸಿಕೊಂಡರು. ಜಯಳಿಗೆ ಸಣ್ಣದರಿಂದಲೂ ದಮ್ಮು. ನಾನೂ ಹೋಗುವುದಾದರೆ ಆ ಹದಿನಾಲ್ಕರಲ್ಲಿ ಅವಳೂ ಇರಬಹುದು ಎಂದಾಯಿತು.

ಕಡಬದಿಂದ ಮೂಡಕ್ಕೆ ಜೀಪಿನಲ್ಲಿ ಹೋಗಿ ಅರಣ್ಯದ ಗೇಟಿನ ಹತ್ತಿರ ಇಳಿದೆವು. ಗೇಟಿನ ಪಕ್ಕ ಹಸಿರು ಬೋರ್ಡು. ವಾಚರ್ ಬಾಬಣ್ಣ ಎಂಬವರು ಅದನ್ನು ಮಕ್ಕಳ ಕೈಯಲ್ಲಿ ಗಟ್ಟಿಯಾಗಿ ಓದಿಸಿದರು. ಹಸಿ ಕೊಂಬೆ ಮುರಿಯಬಾರದು. ದಾರಿ ಬಿಟ್ಟು ಕಾಲಿಡಬಾರದು. ಬೆಂಕಿ ಬರಿಯ ಬಂಡೆಯ ಮೇಲೆ ಮಾತ್ರ, ಅದೂ ಒಂದೇ ಕಡೆ. ಹೊರಡುವಾಗ ಬೂದಿಗೆ ನೀರು ಹೊಯ್ದು, ಒಲೆಯ ಕಲ್ಲುಗಳನ್ನು ತೆಗೆದ ಜಾಗದಲ್ಲೇ ಇಟ್ಟು, ಅಲ್ಲಿ ಯಾರೂ ಇರಲೇ ಇಲ್ಲ ಎಂಬಂತೆ ಬಿಟ್ಟು ಬರಬೇಕು. ಒಳಗೆ ಹೋದಷ್ಟೇ ಜನ ಮರುದಿನ ಹನ್ನೊಂದು ಗಂಟೆಯ ಒಳಗೆ ಹೊರಗೆ ಬರಬೇಕು. ಪುಸ್ತಕದಲ್ಲಿ 'ಒಳಗೆ ಹದಿನಾರು' ಎಂದು ಬರೆದುಕೊಂಡು ಬಾಬಣ್ಣ ನಮ್ಮನ್ನು ಮೇಲೆ ಹತ್ತಿಸಿದರು. ಒಂದೇ ದಾರಿ. ಮೊದಲು ಒಂದು ದೊಡ್ಡ ಹಲಸಿನ ಮರ, ಮತ್ತೆ ಮರದ ದಿಮ್ಮಿ ಅಡ್ಡ ಹಾಕಿದ, ನೀರು ಹರಿಯುವ ಒಂದು ತೋಡು, ಅಲ್ಲಿಂದ ಏರು. ಒಂದೂವರೆ ಗಂಟೆಯಲ್ಲಿ ಬಂಡೆ ಸಿಕ್ಕಿತು.

ಪೊದೆಯ ಬುಡದಿಂದ ನಾನೇ ಮೂರು ಕಲ್ಲು ಹೊತ್ತು ತಂದು ಒಲೆ ಹೂಡಿದೆ. ಅವುಗಳಲ್ಲಿ ಒಂದರ ಮೇಲೆ ವಿಭೂತಿ ಎಳೆದಂತೆ ಬಿಳಿ ಗೆರೆ ಇತ್ತು. ಸಜ್ಜಿಗೆ ಮಾಡಿ ಅವಲಕ್ಕಿ ಕಲಸಿ ಎಲ್ಲರಿಗೂ ಕೊಟ್ಟೆ. ಬಾಬಣ್ಣ ಎರಡು ಸಲ ಹಾಕಿಸಿಕೊಂಡು ತಿಂದು, ಕೈ ತೊಳೆದು, ಕೆಳಗೆ ಹೊರಡುವ ಮೊದಲು ಹೇಳಿದರು.

"ಬೋರ್ಡಿನಲ್ಲಿ ಬರೆಯದ್ದು ಒಂದು ಉಂಟು. ನಾಳೆ ಇಳಿಯುವಾಗ ಇಲ್ಲಿ ಯಾರೂ 'ಬರ್ತೇವೆ' ಅಂತ ಹೇಳ್ಬೇಡಿ. ಹೋಗ್ತೇವೆ ಅಂತ್ಲೇ ಹೇಳಿ. ಇಲ್ಲದಿದ್ರೆ ಎಂತದೂ ಹೇಳ್ಬೇಡಿ."

"ಎಂತ ಬಾಬಣ್ಣ, ಇದು ಇಲಾಖೆಯ ರೂಲ್ಸಾ?" ಎಂದು ಮಾಷ್ಟ್ರು ನಕ್ಕರು.

"ಇಲಾಖೆಯವರು ರೂಲ್ಸು ಬರೆದದ್ದು ಆಫೀಸಿನಲ್ಲಿ ಕೂತು ಮಾಷ್ಟ್ರೇ. ಇಲ್ಲಿ ಒಂದು ರಾತ್ರಿ ಮಲಗಿದ್ದು ಉಂಟಾ ಅವರು?"

"ಹೇಳಿದ್ರೆ ಎಂತ ಆಗ್ತದೆ?"

"ಎಂತ ಆಗುದು? ಬರ್ತೇವೆ ಹೇಳಿದ ಮೇಲೆ ಬರ್ಬೇಕಲ್ಲ."

ಮಕ್ಕಳೆಲ್ಲ ಹೋ ಎಂದು ನಕ್ಕರು. ನಾನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ.

ರಾತ್ರಿ ಏನೂ ಆಗಲಿಲ್ಲ. ಚಳಿಯಿತ್ತು, ಮಂಜು ಸುರಿಯುತ್ತಿತ್ತು, ಜಯಳಿಗೆ ಸ್ವಲ್ಪ ಉಬ್ಬಸ ಬಂದು ಎರಡು ಸಲ ದಮ್ಮಿನ ಮದ್ದಿನ ಪಂಪು ಎಳೆದುಕೊಂಡಳು. ಬೆಳಿಗ್ಗೆ ಎಂಟು ಗಂಟೆಗೆ ಹೊರಟೆವು. ಬೂದಿ ತೊಳೆದು, ಮೂರು ಕಲ್ಲುಗಳನ್ನೂ ಪೊದೆಯ ಬುಡಕ್ಕೆ ಹೊತ್ತು ಹಾಕಿ, ಸೊಪ್ಪಿನಿಂದ ಬಂಡೆ ಗುಡಿಸಿ ಕೊನೆಗೆ ಹೊರಟವಳು ನಾನು. ಹೊರಡುವಾಗ ತಿರುಗಿ ನೋಡಿ, "ಬರ್ತೇವೆ ಆಯ್ತಾ" ಎಂದೆ.

ಬೇಕೆಂದು ಹೇಳಿದ್ದಲ್ಲ. ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ 'ಹೋಗುತ್ತೇನೆ' ಎನ್ನುವುದಿಲ್ಲವಲ್ಲ. ಸತ್ತವರ ಮನೆಯಿಂದ ಮಾತ್ರ 'ಬರ್ತೇನೆ' ಎನ್ನದೆ ಸುಮ್ಮನೆ ಎದ್ದು ಹೋಗುವುದು. ಅದಕ್ಕೆ ನಾಲ್ಕು ವರ್ಷ ಮೊದಲು ನಿಮ್ಮ ಅಜ್ಜ ಒಂದು ಬೆಳಿಗ್ಗೆ "ಬರ್ತೇನೆ" ಎಂದು ಟೆಂಪೋ ಹತ್ತಿ ಹೋದವರು ಪುತ್ತೂರಿನ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಆಮೇಲೆ ಹದಿಮೂರು ದಿನ ಮನೆಗೆ ಬಂದವರೆಲ್ಲ ಆ ಒಂದು ಮಾತು ಹೇಳದೆ ಅಂಗಳ ಇಳಿದು ಹೋಗುವುದನ್ನು ನೋಡಿದ್ದೆ. ಅಂದಿನಿಂದ ನನಗೆ ಆ ಮಾತಿನ ಆಸೆ ಹೆಚ್ಚು. ಅಂಗಡಿಯಿಂದ ಇಳಿಯುವಾಗಲೂ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಬಿಡುತ್ತಿದ್ದೆ. ಬಂಡೆಗೂ ಹೇಳಿದೆ.

ಇಳಿಯತೊಡಗಿದೆವು. ಮಂಜು ಹತ್ತು ಮಾರು ದೂರದಲ್ಲಿ ಗೋಡೆಯ ಹಾಗೆ ನಿಂತಿತ್ತು, ಆದರೆ ಕಾಲ ಕೆಳಗಿನ ದಾರಿ ಸ್ಪಷ್ಟವಾಗಿತ್ತು. ಮುಂದೆ ಮಾಷ್ಟ್ರು, ಹಿಂದೆ ನಾನು. ಇಳಿಜಾರೇ ಇಳಿಜಾರು. ಮೊಣಗಂಟು ನೋಯುವಷ್ಟು ಇಳಿದೆವು. ಇನ್ನು ತೋಡು ಬರಬೇಕು ಎನ್ನುವಾಗ ಮುಂದಿನ ಮಕ್ಕಳು ನಿಂತುಬಿಟ್ಟರು. ಎದುರಿಗೆ ಬಂಡೆ. ನಾವು ಮಲಗಿದ್ದ ಬಂಡೆಯೇ.

ಮಾಷ್ಟ್ರು ತಮಾಷೆ ಮಾಡಿದರು, "ಡ್ರಿಲ್ ಮಾಡಿಸಿ ಮಾಡಿಸಿ ನನಗೇ ರೌಂಡ್ ಹೊಡೆಯುವ ಅಭ್ಯಾಸ ಆಯ್ತು ನೋಡಿ." ಮಕ್ಕಳು ನಕ್ಕರು. ನಾನು ಬಂಡೆಯ ನಡುವೆ ನೋಡುತ್ತಿದ್ದೆ. ಮೂರು ಕಲ್ಲು ಒಲೆಯಾಗಿ ಕೂತಿದ್ದವು. ಬಿಳಿ ಗೆರೆಯ ಕಲ್ಲು ನಾನು ಇಟ್ಟಿದ್ದ ಬಲಗಡೆಯಲ್ಲಿಯೇ ಇತ್ತು. ಬೇರೆ ಯಾರೋ ಬಂದಿರಬೇಕು ಎಂದುಕೊಂಡೆ. ಬಂದವರು ಎಲ್ಲಿ ಎಂದು ಕೇಳಿಕೊಳ್ಳಲಿಲ್ಲ. ಮಾಷ್ಟ್ರು ದಾರಿ ನೋಡುತ್ತಿದ್ದರೇ ಹೊರತು ಒಲೆ ನೋಡಲಿಲ್ಲ. ನಾನು ಕಲ್ಲುಗಳನ್ನು ಮತ್ತೆ ಪೊದೆಯ ಬುಡಕ್ಕೆ ಹಾಕಿದೆ.

ಎರಡನೆಯ ಸಲ ಮಾಷ್ಟ್ರು ಪ್ರತಿ ತಿರುವಿನಲ್ಲಿ ಮಕ್ಕಳ ಸ್ಕಾರ್ಫು ಒಂದೊಂದನ್ನು ಗಿಡಕ್ಕೆ ಕಟ್ಟಿಸಿದರು. ಐದು ಕಟ್ಟಿದೆವು. ಇಳಿಯುತ್ತಲೇ ಇದ್ದೆವು, ಒಂದು ಹೆಜ್ಜೆಯೂ ಏರಲಿಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಮತ್ತೆ ಬಂಡೆ ಬಂತು. ಮೂರು ಕಲ್ಲು ಒಲೆಯಾಗಿ ಕೂತಿದ್ದವು. ಬಗ್ಗಿ ಕೈ ಇಟ್ಟೆ. ಬಿಸಿಲಿಲ್ಲದ ಆ ದಿನ ಬಿಳಿ ಗೆರೆಯ ಕಲ್ಲು ಬೆಚ್ಚಗಿತ್ತು.

ಆಗ ನನಗೆ ಗೊತ್ತಾಯಿತು. ಗೊತ್ತಾದರೂ ನಾನು ಹೇಳಲಿಲ್ಲ. ಓದಿದ ಮಾಷ್ಟ್ರ ಎದುರು, ಹದಿನಾಲ್ಕು ಮಕ್ಕಳ ಎದುರು, ಅಡುಗೆಯವಳು ನಾನು ಏನೆಂದು ಹೇಳಲಿ? ನಕ್ಕರೆ? ಜಯಳಿಗೆ ನಾಚಿಕೆಯಾದರೆ? ಮಾಷ್ಟ್ರ ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ಜಯ ಕೂತು ಭುಜ ಎತ್ತಿ ಎತ್ತಿ ಉಸಿರು ತೆಗೆಯುತ್ತಿದ್ದಳು. ಪಂಪು ಒತ್ತಿದರೆ ಬರೀ ಟಿಕ್ ಎಂಬ ಶಬ್ದ, ಮದ್ದು ಮುಗಿದಿತ್ತು. ಇನ್ನೊಂದು ಡಬ್ಬಿ ಮನೆಯ ಕಪಾಟಿನಲ್ಲಿ. ಅಷ್ಟಾದರೂ ನನ್ನ ನಾಲಿಗೆ ಏಳಲಿಲ್ಲ. ಮೂರನೆಯ ಸಲ ಇಳಿದೆವು, ಮಾಷ್ಟ್ರ ಬೆನ್ನ ಮೇಲೆ ಜಯ. ನನ್ನ ಮೌನಕ್ಕೆ ಅವಳು ಮೂರು ಗಂಟೆಯ ಉಸಿರು ತೆತ್ತಳು. ಇದನ್ನು ಇಂದಿಗೂ ಅವಳ ಮುಖ ನೋಡಿ ಹೇಳಿಲ್ಲ.

ಮೂರನೆಯ ಸಲವೂ ಬಂಡೆಯೇ ಬಂತು. ಮಕ್ಕಳು ಈಗ ನಗಲಿಲ್ಲ, ಒಬ್ಬಳು ಅಳತೊಡಗಿದಳು. ಗಂಟೆ ಮೂರೂವರೆ. ದಾರಿಯಲ್ಲಿ ಕಟ್ಟಿದ ಸ್ಕಾರ್ಫು ಒಂದೂ ಕಾಣಲಿಲ್ಲ. ನಾಲ್ಕು ದಿಕ್ಕಿನಲ್ಲೂ ಮಂಜು, ನಡುವೆ ನನ್ನ ಒಲೆ. ಮಾಷ್ಟ್ರು ಜಯಳನ್ನು ಇಳಿಸಿದರು. ಅವಳ ತುಟಿ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿದ ಮೇಲೆ ನಾಚಿಕೆ ಎಂಬುದು ನನ್ನಲ್ಲಿ ಉಳಿಯಲಿಲ್ಲ.

"ಮಾಷ್ಟ್ರೇ, ನಾನು ಹೇಳಿದ್ದು" ಎಂದೆ.

"ಎಂತ ಅಕ್ಕ?"

"ಬೆಳಿಗ್ಗೆ ಹೊರಡುವಾಗ. ಬರ್ತೇವೆ ಅಂತ. ಬಾಯಿಗೆ ಬಂದುಹೋಯ್ತು."

ಅವರು ನಗಲಿಲ್ಲ. "ಅಕ್ಕ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ನಿಮಗೂ ಇಲ್ಲ ಅಂತ ಕಾಣ್ತದೆ. ಆದ್ರೆ ಈ ಹುಡುಗಿಯನ್ನು ನೋಡಿದ್ರೆ ನಾನೀಗ ಎಂತ ಬೇಕಾದ್ರೂ ಮಾಡಿಯೇನು. ಹೇಳಿದ್ದನ್ನು ವಾಪಸ್ ತೆಗೊಳ್ಳಿ."

ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪೊದೆಯ ಬುಡದಲ್ಲಿ ಇಟ್ಟೆ. ಬಂಡೆಯ ನಡುವೆ ಬಂದು ನಿಂತೆ. ಸಣ್ಣ ಮಾತು ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಅಜ್ಜನ ಹೆಣದ ಎದುರಿಗೂ ನಾನು ಹೇಳದ ಮಾತು ಅದು.

"ನಾವು ಹೋಗ್ತೇವೆ" ಎಂದೆ. ಸಾಲದು ಅನ್ನಿಸಿತು. "ಇನ್ನು ನಾವು ಬರುದಿಲ್ಲ" ಎಂದು ಗಟ್ಟಿಯಾಗಿ ಹೇಳಿದೆ. ಅಷ್ಟು ಗಟ್ಟಿಯಾಗಿ ನಾನು ಜೀವಮಾನದಲ್ಲಿ ಮಾತಾಡಿದ್ದಿಲ್ಲ. ತಿರುಗಿ ನೋಡದೆ ಹೊರಟೆವು.

ಮೊದಲ ತಿರುವಿನಲ್ಲಿಯೇ ಸ್ಕಾರ್ಫು ಸಿಕ್ಕಿತು. ಮತ್ತೆ ಎರಡನೆಯದು, ಐದೂ ಸಿಕ್ಕವು. ತೋಡಿನ ದಿಮ್ಮಿ ಬಂತು, ಹಲಸಿನ ಮರ ಬಂತು. ಗೇಟಿನಲ್ಲಿ ಬಾಬಣ್ಣ ನಿಂತಿದ್ದರು, ಇಲಾಖೆಯ ಜೀಪೂ ಇತ್ತು. ಜಯಳನ್ನು ಅದರಲ್ಲಿ ಹಾಕಿಕೊಂಡು ಕಡಬದ ಆಸ್ಪತ್ರೆಗೆ ಓಡಿಸಿದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಜೀಪು ಹತ್ತುವ ಮೊದಲು ಬಾಬಣ್ಣ ಮಾಷ್ಟ್ರ ಹತ್ತಿರ ಹೇಳಿದ್ದನ್ನು ನಾನು ಕೇಳಿದೆ. "ಎಲ್ಲಿಗೆ ಹೋಗಿದ್ರಿ ಮಾರಾಯ್ರೆ? ನಾನು ಹನ್ನೆರಡೂವರೆಗೆ ಮೇಲೆ ಬಂದು ನೋಡಿದ್ದೇನೆ. ಬಂಡೆಯಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಒಲೆಯೂ ಇರ್ಲಿಲ್ಲ, ಚೊಕ್ಕ ಗುಡಿಸಿ ಇಟ್ಟಿತ್ತು. ಇರುದು ಒಂದೇ ದಾರಿ, ನೀವು ನನಗೆ ಎದುರು ಸಿಗ್ಬೇಕಿತ್ತಲ್ಲ?"

ಹನ್ನೆರಡೂವರೆಗೆ ನಾನು ಆ ಬಂಡೆಯ ಮೇಲೆ ಬಗ್ಗಿ ಬೆಚ್ಚಗಿನ ಕಲ್ಲಿನ ಮೇಲೆ ಕೈ ಇಟ್ಟಿದ್ದೆ. ಮಾಷ್ಟ್ರು ಆಗ ವಾಚು ನೋಡಿ ಗಟ್ಟಿಯಾಗಿ ಗಂಟೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಮಾಷ್ಟ್ರು, ಮಂಜಿನಲ್ಲಿ ದಾರಿ ಸುತ್ತುಹಾಕಿರಬೇಕು, ಪ್ರಾಣಿಗಳು ಓಡಾಡುವ ಅಡ್ಡದಾರಿ ಏನಾದರೂ ಇದ್ದಿರಬೇಕು ಎಂದು ಹೇಳುತ್ತಿದ್ದರು. ಇರಬಹುದು. ಸ್ಕಾರ್ಫುಗಳ ಬಗ್ಗೆ ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದರು. ಜಯಳಿಗೆ ಮಾಷ್ಟ್ರ ಅಂಗಿಯ ಬೆವರಿನ ವಾಸನೆ ಬಿಟ್ಟು ಬೇರೇನೂ ನೆನಪಿಲ್ಲವಂತೆ. ಕಲ್ಲುಗಳನ್ನು ನೋಡಿದವಳು ನಾನೊಬ್ಬಳೇ. ಭಯದಲ್ಲಿ ನನಗೇ ಹಾಗೆ ಕಂಡಿತೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಆ ಕಲ್ಲಿನ ಬಿಸುಪು ಈ ಅಂಗೈಗೆ ಇನ್ನೂ ಗೊತ್ತಿದೆ.

ಧನ್ಯಾ, ನೀನು ತಂದ ಕಾಗದವನ್ನು ನಾನು ಮೂರು ಸಲ ಓದಿದೆ. ಒಳ್ಳೆಯ ನಿಯಮಗಳು. ಅವೆಲ್ಲವನ್ನೂ ನಾವು ಅಂದು ಪಾಲಿಸಿದ್ದೆವು. ಬಾಬಣ್ಣ ಹೇಳಿದ್ದು ಇದರಲ್ಲಿಯೂ ಇಲ್ಲ. ಅದನ್ನು ನಿನಗೆ ಹೇಳಿಕೊಟ್ಟು ಕಳುಹಿಸಬಹುದಿತ್ತು. ನನ್ನನ್ನು ಕಾಡುತ್ತಿರುವುದು ಬೇರೆಯೇ. ಅಂದು ನಾನು 'ಇನ್ನು ನಾನು ಬರುವುದಿಲ್ಲ' ಎನ್ನಲಿಲ್ಲ, 'ನಾವು' ಎಂದೆ. ಆ ಮಾತಿಗೆ ನಮ್ಮನ್ನು ಬಿಟ್ಟರು. ಬಿಟ್ಟದ್ದು ಯಾರು ಎಂದು ಕೇಳಿದರೆ ನನಗೆ ತಿಳಿಯದು. ಆ 'ನಾವು' ಎಂಬುದರಲ್ಲಿ ಹುಟ್ಟದೆ ಇದ್ದ ನೀನು ಸೇರಿದ್ದೀಯೋ ಇಲ್ಲವೋ? ಇದನ್ನು ಯಾರ ಹತ್ತಿರ ಕೇಳುವುದು?

ಈ ಬೆಳಿಗ್ಗೆ ನೀನು ಚೀಲ ಹೆಗಲಿಗೇರಿಸಿ ಗೇಟಿನಿಂದ "ಅಜ್ಜೀ, ಬರ್ತೇನೆ" ಎಂದು ಕೂಗಿ ಓಡಿದೆ. ನಾನು ಬಾಗಿಲಲ್ಲಿ ನಿಂತು "ಬಾ" ಎಂದೆ. ಕಾಗದ ಮೇಜಿನ ಮೇಲೆಯೇ ಇದೆ. ನಾಳೆ ಕೊಡಬೇಕಂತೆ. ನಾನು ಇನ್ನೂ ಹೂಂ ಎಂದಿಲ್ಲ.