ಕಾಲುವೆ ಕಡೆಯ ಪಾಕೆಟ್

ಬಸ್ಸಿನಲ್ಲಿ ಪಕ್ಕ ಕೂತವರು ಏನು ಕೆಲಸ ಎಂದು ಕೇಳಿದರೆ ಚೆಲುವರಾಜು ಈಗಲೂ "ಸ್ನೂಕರ್ ಪ್ಲೇಯರ್, ಪ್ರೊಫೆಷನಲ್" ಅನ್ನುತ್ತಾನೆ. ಎಂಟು ವರ್ಷದಿಂದ ಅವನು ಕೋಲು ಮುಟ್ಟಿಲ್ಲ. ಹುಲ್ಲಹಳ್ಳಿ ಕಡೆಯ ಪೆಟ್ಟಿಗೆ ಅಂಗಡಿಗಳಿಗೆ ಬೀಡಿ, ಬೆಂಕಿಪೊಟ್ಟಣ ಹಾಕಿಕೊಂಡು ತಿರುಗುತ್ತಾನೆ. ಆದರೂ ಮಾತು ಮಾತ್ರ ಕೆಳಗೆ ಇಳಿದಿಲ್ಲ. ಅವನ ವಿಷಯ ನನ್ನಷ್ಟು ತಿಳಿದವರು ನಂಜನಗೂಡಿನಲ್ಲಿ ಇನ್ನೊಬ್ಬರಿಲ್ಲ, ಯಾಕೆಂದರೆ ಆ ಮಹಾಶಯ ಆಡಿದ್ದು ನನ್ನ ಟೇಬಲ್ಲಿನ ಮೇಲೆ.

ನಾನು ರಂಗನಾಯಕ. ತೊಂಬತ್ತನಾಲ್ಕರಲ್ಲಿ ಮೈಸೂರಿನ ಒಂದು ಕ್ಲಬ್ಬಿನವರು ಬೇಡವೆಂದು ಬಿಸಾಕಿದ ಟೇಬಲ್ಲನ್ನು ತಂದು, ಮುಚ್ಚಿಹೋಗಿದ್ದ ನಮ್ಮ ಅಕ್ಕಿ ಗಿರಣಿಯಲ್ಲಿ ಹಾಕಿಸಿದೆ. ಹಾಕಿಸಿದ ಕೋಣೆ ಹಿಂದೆ ಭತ್ತ ಬೇಯಿಸುತ್ತಿದ್ದ ಜಾಗ. ಬಸಿದ ನೀರು ಹರಿದುಹೋಗಲಿ ಎಂದು ನಮ್ಮಪ್ಪ ಅದರ ನೆಲವನ್ನು ಕಾಲುವೆ ಕಡೆಗೆ ಇಳಿಜಾರಾಗಿ ಕಟ್ಟಿಸಿದ್ದರು. ಮೈಸೂರಿನಿಂದ ಬಂದ ಫಿಟ್ಟರು ನೋಡಿದವನೇ "ಮೊದ್ಲು ನೆಲ ಮಟ್ಟ ಮಾಡ್ಸಿ ಸಾ, ಆಮೇಲೆ ಟೇಬಲ್" ಅಂದ. ಅದೆಲ್ಲ ಬೇಡ, ಕಾಲಿನ ಕೆಳಗೆ ಮರದ ಚೂರು ಕೊಟ್ಟು ನಿಲ್ಲಿಸು ಅಂದೆ. ನಿಲ್ಲಿಸಿದ. ಕಣ್ಣಿಗೆ ನೆಟ್ಟಗೇ ಕಾಣುತ್ತಿತ್ತು. ಜೋರಾಗಿ ಹೊಡೆದರೆ ಏನೂ ತಿಳಿಯುತ್ತಿರಲಿಲ್ಲ. ಮೆಲ್ಲಗೆ ಹೊಡೆದರೆ ಮಾತ್ರ ಚೆಂಡು ನಿಲ್ಲುವ ಹೊತ್ತಿಗೆ, ಸಂಜೆ ಹಸು ಕೊಟ್ಟಿಗೆ ಕಡೆ ತಿರುಗುವ ಹಾಗೆ, ಕಾಲುವೆ ಕಡೆಯ ಮೂಲೆ ಪಾಕೆಟ್ಟಿನ ತೂತಿಗೆ ತಿರುಗುತ್ತಿತ್ತು. ಮೊದಲ ವಾರವೇ ನನಗೆ ಇದು ಗೊತ್ತಾಯಿತು. ಈ ಊರಿನಲ್ಲಿ ಇದನ್ನು ಯಾವನು ಕಂಡುಹಿಡಿಯುತ್ತಾನೆ ಎಂದು ಸುಮ್ಮನಾದೆ. ಯಾವನೂ ಕಂಡುಹಿಡಿಯಲಿಲ್ಲ.

ಚೆಲುವರಾಜು ಮುಂದಿನ ವರ್ಷ ಬಂದ. ನಾಲೆಯ ತೂಬು ನೋಡಿಕೊಳ್ಳುತ್ತಿದ್ದ ನೀರಾವರಿ ನೌಕರ ಕರಿಯಪ್ಪನ ಮಗ, ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಕಟ್ಟಿ ಮೂರು ಸಲವೂ ಕೈಬಿಟ್ಟವನು. ಉಳಿದವರೆಲ್ಲ ಸೌದೆ ಒಡೆಯುವವರಂತೆ ಹೊಡೆಯುತ್ತಿದ್ದರು. ಇವನಿಗೆ ಜೋರಾಗಿ ಹೊಡೆಯುವುದಕ್ಕೂ ಸೋಮಾರಿತನ. ಮೆಲ್ಲಗೆ ತಳ್ಳುತ್ತಿದ್ದ. ತಳ್ಳಿದ ಚೆಂಡೆಲ್ಲ ಹೋಗಿ ಕಾಲುವೆ ಕಡೆಯ ಪಾಕೆಟ್ಟಿಗೆ ಬೀಳುತ್ತಿತ್ತು. "ಏನ್ ಕೈ ಕಣ್ಲಾ ನಿಂದು" ಎಂದು ಸುತ್ತ ನಿಂತವರು ಬಾಯಿ ಬಿಟ್ಟರು. ಅಷ್ಟು ಸಾಕಾಯಿತು, ಅವನಿಗೆ ಕೊಂಬು ಬಂತು.

ಟಿವಿಯಲ್ಲಿ ಯಾರೋ ವಿದೇಶದವರು ಆಡುವುದನ್ನು ನೋಡಿ, ಸ್ಕೂಲ್ ಯೂನಿಫಾರಂ ಹೊಲಿಯುವ ದರ್ಜಿಯ ಹತ್ತಿರ ಒಂದು ವೇಸ್ಟ್‌ಕೋಟ್ ಹೊಲಿಸಿಕೊಂಡ. ಅದು ಹೊಟ್ಟೆಯ ಹತ್ತಿರ ಬಿಗಿ, ಬೆನ್ನಲ್ಲಿ ಗಾಳಿ ತುಂಬಿಕೊಳ್ಳುತ್ತಿತ್ತು. ಹೆಸರಿನ ಕೆಳಗೆ 'ಪ್ರೊಫೆಷನಲ್' ಎಂದು ಕಾರ್ಡು ಹೊಡೆಸಿ ಹೂವಿನವಳಿಗೂ ಒಂದು ಕೊಟ್ಟ. ಭಾನುವಾರ ಟಿ. ನರಸೀಪುರದವರು ಬಂದು ಇವನ ಜೊತೆ ಆಡಿ ಸೋತು ಹೋಗುತ್ತಿದ್ದರು. ಅವರು ಇನ್ನೂ ಪೆದ್ದರು. ಮೂರು ವರ್ಷ ಸೋತರೂ, ಇವನ ಚೆಂಡೆಲ್ಲ ಒಂದೇ ಮೂಲೆಗೆ ಯಾಕೆ ಬೀಳುತ್ತದೆ ಎಂದು ಒಬ್ಬನಿಗಾದರೂ ಅನುಮಾನ ಬರಬೇಡವೇ. ಒಂದು ಸಲ ನಮ್ಮೂರಿಗೂ ಬಾ ಎಂದು ಅವರು ಕರೆದರೆ ಇವನು, "ಪ್ರೊಫೆಷನಲ್‌ಗಳು ಓಗಲ್ಲ, ಕರೆಸ್ಕೊಳ್ತಾರೆ" ಅನ್ನುತ್ತಿದ್ದ. ನನಗೂ ಅದೇ ಬೇಕಾಗಿತ್ತು. ಅವನನ್ನು ನೋಡಲೆಂದೇ ಭಾನುವಾರ ನನ್ನ ಗಿರಣಿ ತುಂಬುತ್ತಿತ್ತು.

ತೊಂಬತ್ತೊಂಬತ್ತರ ಜನವರಿ ಹತ್ತೊಂಬತ್ತಕ್ಕೆ ಕರಿಯಪ್ಪ ನಾಲೆ ಏರಿಯ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಸರ್ವಿಸ್ಸಿನಲ್ಲಿ ಸತ್ತಿದ್ದರಿಂದ ಅನುಕಂಪದ ಮೇಲೆ ಮನೆಯ ಒಬ್ಬರಿಗೆ ಕೆಲಸ ಸಿಗುವುದಿತ್ತು. ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಉಳಿದ ಮಕ್ಕಳು ಒಪ್ಪಿಗೆ ಎಂದು ಛಾಪಾ ಕಾಗದದ ಮೇಲೆ ಸೈನ್ ಹಾಕಬೇಕು. ಚೆಲುವರಾಜುವಿನ ತಂಗಿ ಹೇಮಲತಾ ಪಿಯುಸಿ ಪಾಸಾಗಿ ಟೈಪಿಂಗ್ ಸೀನಿಯರ್ ಮುಗಿಸಿದ್ದ ಹುಡುಗಿ. ಅವಳು ಹೋದರೆ ಕಚೇರಿಯಲ್ಲಿ ಗುಮಾಸ್ತೆ, ಇವನು ಹೋದರೆ ಮತ್ತೆ ಅದೇ ತೂಬು. ತಾಯಿ ರಾಚಮ್ಮ ಅವಳ ಹೆಸರನ್ನೇ ಹೇಳಿದರು. ಆದರೆ ಹೇಳುವಾಗ, "ಅವ್ಳಿಗೇ ಆಗ್ಲಿ ಕಣಪ್ಪ, ನೀನು ಎಂಗೂ ಓದ್ಲಿಲ್ಲ" ಎಂದುಬಿಟ್ಟರು.

ಇವನಿಗೆ ಅದು ಚುಚ್ಚಿತು. "ದಡ್ಡ ಅಂತ ಬಿಟ್ಕೊಟ್ಟ ಅಂತ ಊರು ಆಡ್ಕೊಳ್ಳೋದು ಬ್ಯಾಡ. ಬರೋ ಜನವರಿಲಿ ಮೈಸೂರಲ್ಲಿ ದೊಡ್ಡ ಟೂರ್ನಮೆಂಟ್ ಐತೆ. ಗೆದ್ದು ಬಂದು, ನನ್ನ ಕೈಯಾರೆ ಸೈನ್ ಆಕಿ ಕೊಡ್ತೀನಿ" ಅಂದ. ಸೈನ್ ಹಾಕಬೇಕಾದ ಕಾಗದವನ್ನು ಮಡಿಸಿ ಕೋಲಿನ ಪೆಟ್ಟಿಗೆಯೊಳಗೆ ಇಟ್ಟುಕೊಂಡ. ತಂಗಿಯ ಜೀವನ ಇವನ ವೇಸ್ಟ್‌ಕೋಟಿಗಾಗಿ ಹನ್ನೊಂದು ತಿಂಗಳು ಕಾಯಿತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಆಟಗಾರರು ಬರುವ ಮೊದಲು, ಹೇಮಲತಾ ಗಿರಣಿಗೆ ಬಂದಳು. "ರಂಗಣ್ಣ, ನಿಜ ಹೇಳಿ. ನಮ್ಮಣ್ಣ ಅಲ್ಲಿ ಗೆಲ್ತಾನಾ? ಸೋತ್ರೆ ಅವನು ಮನೆಗೆ ಬರೋನಲ್ಲ, ಮುಖ ತಪ್ಪಿಸ್ಕೊಂಡು ಎಲ್ಲಾದ್ರೂ ಕೂತ್ಕೊಳ್ತಾನೆ. ಹತ್ತೊಂಬತ್ತಕ್ಕೆ ಕೊನೆ ದಿನ. ಗೆಲ್ಲಲ್ಲ ಅನ್ನೋದಾದ್ರೆ ಈಗ್ಲೇ ಕಾಲು ಹಿಡಿದಾದ್ರೂ ಸೈನ್ ಹಾಕಿಸ್ಕೊಳ್ತೀನಿ."

"ಗೆಲ್ತಾನೆ ಹೋಗಮ್ಮ. ಅಂಥ ಕೈ ಜಿಲ್ಲೇಲೇ ಇಲ್ಲ" ಅಂದೆ. ಅವಳು ನಂಬಿ ಹೋದಳು.

ಮೈಸೂರಿಗೆ ನಾನೂ ಹೋಗಿದ್ದೆ. ಎದುರಿಗೆ ಒಬ್ಬ ಬೋಳುತಲೆಯ ಬ್ಯಾಂಕ್ ನೌಕರ, ಆಟದ ಮಧ್ಯೆ ಆಕಳಿಸುತ್ತಿದ್ದ. ನಮ್ಮ ಪ್ರೊಫೆಷನಲ್ ವೇಸ್ಟ್‌ಕೋಟ್ ಸರಿಮಾಡಿಕೊಂಡು, ಕೋಲಿಗೆ ಚಾಕ್ ಉಜ್ಜಿ, ಮೆಲ್ಲಗೆ ತಳ್ಳಿದ. ಚೆಂಡು ತಿರುಗಲಿಲ್ಲ. ನೇರವಾಗಿ ಹೋಗಿ ಅಂಚಿಗೆ ತಾಗಿ ನಿಂತಿತು. ಇನ್ನೊಂದು ತಳ್ಳಿದ, ಅದೂ ಹಾಗೇ. ಮೂರು ಫ್ರೇಮು ಆಡಿ ಮೂರನ್ನೂ ಸೋತ. ಇಡೀ ಆಟದಲ್ಲಿ ಇವನು ಹಾಕಿದ್ದು ನಾಲ್ಕು ಚೆಂಡು, ಅದರಲ್ಲಿ ಒಂದು ತಪ್ಪಿ ಬಿದ್ದದ್ದು. ಜನ ನಗಲೂ ಇಲ್ಲ, ಎದ್ದು ಟೀ ಕುಡಿಯಲು ಹೋದರು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಇವನು ಪೆಟ್ಟಿಗೆ ಹಿಡಿದು ಮಾಯವಾಗಿದ್ದ.

ಹೇಮಲತಾ ಹೇಳಿದ ಹಾಗೇ ಆಯಿತು. ಹನ್ನೆರಡು ದಿನ ಪತ್ತೆ ಇಲ್ಲ. ಮೈಸೂರಿನ ನೆಂಟರ ಮನೆ, ತಗಡೂರಿನ ಸೋದರಮಾವನ ಮನೆ, ಎಲ್ಲ ಕಡೆ ಆ ಹುಡುಗಿ ಅಲೆದಳು. ಹತ್ತೊಂಬತ್ತು ಬಂತು, ಹೋಯಿತು. ಇಪ್ಪತ್ತೊಂದಕ್ಕೆ ಒಬ್ಬ ಕಂಡಕ್ಟರ್ ಬಂದು, ನಿಮ್ಮವನು ನರಸೀಪುರದಲ್ಲಿದ್ದಾನೆ ಅಂದ. ನಾನೂ ಅವಳೂ ಬಸ್ಸು ಹತ್ತಿದೆವು.

ಅಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಪಾರ್ಲರಿನಲ್ಲಿ, ಬನಿಯನ್ನಿನ ಮೇಲೆ ಅದೇ ವೇಸ್ಟ್‌ಕೋಟ್ ಹಾಕಿಕೊಂಡು ನಿಂತಿದ್ದ. ನಮ್ಮನ್ನು ಕಂಡು ನಾಚಿಕೆಯಾದರೂ ಆಗಬೇಡವೇ. ನನ್ನ ಕೈ ಹಿಡಿದು, "ಅಣ್ಣ, ಮೈಸೂರವ್ರು ಮೋಸ ಮಾಡವ್ರೆ. ಅವರ ಟೇಬಲ್ ಸೊಟ್ಟ ಕಣಣ್ಣ. ನೋಡಿ, ಇವರದ್ದೂ ಸೊಟ್ಟ. ನಿಮ್ದೊಂದೇ ನೆಟ್ಟಗಿರೋದು" ಅಂದ. ಹನ್ನೆರಡು ದಿನ ಕೂತು ಯೋಚಿಸಿ ಈ ಮುಠ್ಠಾಳ ಕಂಡುಹಿಡಿದದ್ದು ಇದು. ನಾನು ಗೋಡೆ ಕಡೆ ನೋಡಿದೆ.

ಹೇಮಲತಾ "ಮೊನ್ನೆಗೆ ಮುಗೀತು ಕಣಣ್ಣ" ಎಂದಷ್ಟೇ ಹೇಳಿದಳು. ಅವನಿಗೆ ಆಗ ನೆನಪಾಯಿತು. ಪೆಟ್ಟಿಗೆ ತೆಗೆದು ಕಾಗದ ಬಿಡಿಸಿ, "ಎಲ್ಲಿ ಆಕ್ಬೇಕು ತೋರ್ಸು, ಈಗ್ಲೇ ಆಕ್ತೀನಿ" ಎಂದು ಪೆನ್ನು ಹುಡುಕಿದ. ಅವಳು ಕಾಗದವನ್ನು ತೆಗೆದುಕೊಂಡು ಮಡಿಸಿದಳು. ಮೂವರೂ ವಾಪಸು ಬಸ್ಸು ಹತ್ತಿದೆವು. ಕಚೇರಿಯಲ್ಲಿ ಕೇಳಿ ನೋಡಿದ್ದಾಯಿತು. ಒಂದು ವರ್ಷ ಎಂದರೆ ಒಂದು ವರ್ಷ ಎಂದರು. ಅವರ ತಪ್ಪೇನೂ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಮತ್ತೆ ಗಿರಣಿಗೆ ಬಂದಳು. ನನ್ನನ್ನು ಮಾತಾಡಿಸದೆ ಬಿಳಿ ಚೆಂಡು ಎತ್ತಿಕೊಂಡು, ಟೇಬಲ್ಲಿನ ಒಂದು ತುದಿಯಿಂದ ಕೈಯಲ್ಲೇ ಮೆಲ್ಲಗೆ ಉರುಳಿಸಿದಳು. ಅದು ನೇರ ಹೋಗಿ, ಕೊನೆಯಲ್ಲಿ ನಿಧಾನವಾಗಿ ತಿರುಗಿ ಕಾಲುವೆ ಕಡೆಯ ಪಾಕೆಟ್ಟಿಗೆ ಬಿತ್ತು. ತೆಗೆದು ಇನ್ನೊಂದು ಸಲ ಉರುಳಿಸಿದಳು. ಮತ್ತೆ ಅಲ್ಲಿಗೇ ಬಿತ್ತು.

"ಎರಡೂರಿನ ಟೇಬಲ್ ಸೊಟ್ಟ, ನಿಮ್ದೊಂದೇ ನೆಟ್ಟಗೆ ಅಂದ್ನಲ್ಲ, ರಾತ್ರಿಯೆಲ್ಲ ಅದೇ ಯೋಚನೆ ಆಯ್ತು" ಅಂದಳು. "ನಿಮಗೆ ಗೊತ್ತಿತ್ತಾ ರಂಗಣ್ಣ?"

ಗೊತ್ತಿತ್ತು ಅಂದೆ.

"ನಮ್ಮಣ್ಣ ದಡ್ಡ. ಅವನ ಮೇಲೆ ಸಿಟ್ಟು ಮಾಡ್ಕೊಂಡು ಏನು ಮಾಡ್ಲಿ. ನೀವು ದಡ್ಡರಲ್ಲ." ಚೆಂಡನ್ನು ಇದ್ದ ಜಾಗದಲ್ಲಿಟ್ಟು ಹೋದಳು. ಈಗ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಶಿಫ್ಟಿನ ಬಸ್ಸಿಗೆ ಗಿರಣಿಯ ಮುಂದೆಯೇ ಹಾದುಹೋಗುತ್ತಾಳೆ, ಈ ಕಡೆ ತಿರುಗುವುದಿಲ್ಲ.

ಮುಂದಿನ ವಾರ ನಾನು ಮೈಸೂರಿನ ಅದೇ ಫಿಟ್ಟರನ್ನು ಕರೆಸಿ ನೆಲಕ್ಕೆ ಸಿಮೆಂಟ್ ಹಾಕಿಸಿ, ಟೇಬಲ್ಲನ್ನು ಮಟ್ಟ ಮಾಡಿಸಿದೆ. ಭಾನುವಾರ ಚೆಲುವರಾಜು ವೇಸ್ಟ್‌ಕೋಟ್ ಇಸ್ತ್ರಿ ಮಾಡಿಸಿಕೊಂಡು ಬಂದ. ಮೆಲ್ಲಗೆ ತಳ್ಳಿದ, ತಪ್ಪಿತು. ಇನ್ನೊಂದು, ತಪ್ಪಿತು. ಕೋಲಿನ ತುದಿ ನೋಡಿಕೊಂಡ, ಚಾಕ್ ಉಜ್ಜಿದ, ಮತ್ತೆ ತಪ್ಪಿದ. ಆಮೇಲೆ ಬಗ್ಗಿ ಹೊಸ ಸಿಮೆಂಟಿನ ನೆಲ ನೋಡಿದ. ಬಹಳ ಹೊತ್ತು ನೋಡಿದ. ಅವನ ತಲೆಗೆ ಏನಾದರೂ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೋಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಬೈಯಲಿಲ್ಲ, ಕೂಗಾಡಲಿಲ್ಲ. ಬಾಗಿಲ ಹತ್ತಿರ ನಿಂತು ಕೇಳಿದ:

"ಇದ್ನ ಡಿಸೆಂಬರಲ್ಲೇ ಮಾಡಿಸ್ಬೋದಾಗಿತ್ತಲ್ಲಣ್ಣ."