ಏಳು ಬಲ್ಬುಗಳ ಲೆಕ್ಕ

ನಿಮ್ಮ ಈ ಅಜ್ಜಿಗೂ ಹನ್ನೊಂದು ವರ್ಷವಾಗಿದ್ದ ಕಾಲವೊಂದಿತ್ತು ಮಕ್ಕಳೇ, ನಗಬೇಡಿ. ನಾನು ಅಷ್ಟು ಚಿಕ್ಕವಳಿದ್ದಾಗ, ಬೆಳ್ತಂಗಡಿಯಿಂದ ಘಟ್ಟದ ಕಡೆಗಿರುವ ನಮ್ಮೂರಿಗೆ ಕರೆಂಟಿನ ಕಂಬವೇ ಬಂದಿರಲಿಲ್ಲ. ಅಮ್ಮ ಬಾಣಂತನಕ್ಕೆ ಕನ್ಯಾನದ ತವರುಮನೆಗೆ ಹೋಗಿದ್ದಳು. ಅವಳು ಮಗುವನ್ನು ಎತ್ತಿಕೊಂಡು ಬರುವುದರೊಳಗೆ ಮನೆಯಲ್ಲಿ ಬಲ್ಬು ಉರಿಯಬೇಕೆಂದು ಅಪ್ಪ ಹಟ ಹಿಡಿದಿದ್ದರು.

ಆ ಹಟವನ್ನು ಹಚ್ಚಿದವರು ಮಾವ, ಅಂದರೆ ಅಮ್ಮನ ಅಣ್ಣ. ಅವರು ಬಂಟ್ವಾಳದ ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಉಗಿ ಯಂತ್ರ ನೋಡಿಕೊಳ್ಳುತ್ತಿದ್ದರು. ಸ್ನಾನ ಮಾಡಿ ಬಂದರೂ ಅವರ ಮೈಯಿಂದ ಎಣ್ಣೆ ಮತ್ತು ಮಸಿಯ ವಾಸನೆ ಹೋಗುತ್ತಿರಲಿಲ್ಲ. ರಜೆ ಹಾಕಿ ಬಂದವರು ಒಂದು ಹಳೆಯ ಡೈನಮೋ ಮತ್ತು ಗುಜರಿಯಲ್ಲಿ ಸಿಕ್ಕಿದ ಕಬ್ಬಿಣದ ಪೈಪುಗಳನ್ನು ಅಂಗಳದಲ್ಲಿ ಇಳಿಸಿದರು.

"ಚಕ್ರ ಮಾಡುವುದು ದೊಡ್ಡದಲ್ಲ ಭಾವ. ಹೊಳೆಯಲ್ಲಿ ಎಷ್ಟು ಶಕ್ತಿ ಉಂಟು ಅಂತ ಮೊದಲು ಲೆಕ್ಕ ಹಾಕುವ" ಎಂದರು.

ಲೆಕ್ಕಕ್ಕೆ ಅಳತೆ ಬೇಕಲ್ಲ? ಬಚ್ಚಲಿನ ದೊಡ್ಡ ಹಂಡೆಯನ್ನು ನಾನೂ ಅಕ್ಕನೂ ಅಪ್ಪನ ಅಮ್ಮನಾದ ನಮ್ಮ ಅಜ್ಜಿಗೆ ಕಾಣದಂತೆ ಹೊಳೆಗೆ ಹೊತ್ತೊಯ್ದೆವು. ಅದಕ್ಕೆ ಅರವತ್ತು ಲೀಟರ್ ನೀರು ಹಿಡಿಯುತ್ತಿತ್ತು. ಹೊಳೆಯ ನೀರು ಇಳಿದು ಬರುವ ಪೈಪಿನ ಕೆಳಬಾಯಿಗೆ ಅದನ್ನು ಒಡ್ಡಿದಾಗ ಮಾವ ಕೈಗಡಿಯಾರ ನೋಡುತ್ತಾ ನಿಂತರು. ಹತ್ತು ಸೆಕೆಂಡಿನಲ್ಲಿ ಹಂಡೆ ತುಂಬಿ ಚೆಲ್ಲಿತು. ಮೇಲೆ ನೀರು ಕಟ್ಟಿದ್ದ ತೊಟ್ಟಿಯಿಂದ ಕೆಳಗೆ ಚಕ್ರ ಕೂರುವ ಜಾಗದವರೆಗಿನ ಎತ್ತರವನ್ನು ನೀರು ತುಂಬಿದ ಕೊಳವೆಯ ಎರಡು ತುದಿಯಲ್ಲೂ ನೀರು ಸಮ ನಿಲ್ಲುವುದನ್ನು ನೋಡುತ್ತಾ ಮೆಟ್ಟಿಲು ಮೆಟ್ಟಿಲಾಗಿ ಅಳೆದೆವು. ನನ್ನ ಮೊಣಕಾಲು ಎರಡು ಕಡೆ ತರಚಿತು. ಎತ್ತರ ಹತ್ತು ಮೀಟರ್ ಬಂತು.

ಮಾವ ಇದ್ದಿಲಿನಿಂದ ಗೋಡೆಯ ಮೇಲೆ ಬರೆದರು. ಸೆಕೆಂಡಿಗೆ ಆರು ಲೀಟರ್, ಅದನ್ನು ಎತ್ತರದ ಹತ್ತರಿಂದ ಗುಣಿಸಬೇಕು, ಭೂಮಿ ಎಳೆಯುವ ಬಲಕ್ಕೆಂದು ಮತ್ತೆ ಹತ್ತರಿಂದ ಗುಣಿಸಬೇಕು. ಆರುನೂರು ವಾಟ್! ನಾನು ಕುಣಿದೇ ಬಿಟ್ಟೆ.

"ಕುಣಿಯಬೇಡ ಮಾರಾಯ್ತಿ. ಪೈಪು ತಿನ್ನುತ್ತದೆ, ಚಕ್ರ ತಿನ್ನುತ್ತದೆ, ಬೆಲ್ಟು ತಿನ್ನುತ್ತದೆ. ಅರ್ಧ ಸಿಕ್ಕಿದರೆ ನಮ್ಮ ಪುಣ್ಯ."

ಮುನ್ನೂರು ವಾಟ್ ಎಂದರೆ ನಲವತ್ತರ ಬಲ್ಬು ಏಳು ಎಂದು ಬಾಯಿಲೆಕ್ಕದಲ್ಲಿ ಹೇಳಿದವಳು ನಾನೇ. ಆ ಜಂಬ ನನಗೆ ಈಗಲೂ ಇದೆ.

ಚಕ್ರ ಕೂತಿತು. ಅದರ ಸುತ್ತ ಹಲಸಿನ ಮರದಲ್ಲಿ ಕೊರೆದ ಬಟ್ಟಲುಗಳು, ಆ ಬಟ್ಟಲುಗಳಿಗೆ ಬಡಿಯುವ ನೀರು. ಏಳೂ ಬಲ್ಬು ಹೊತ್ತಿದ ಸಂಜೆ ಹಟ್ಟಿಯ ದನಗಳು ಕೂಡ ಮೇವು ಬಿಟ್ಟು ತಲೆಯೆತ್ತಿದವು. ಮಾವ ಅಪ್ಪನನ್ನೂ ನಮ್ಮಿಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ಒಂದು ಮಾತು ಹೇಳಿದರು. "ಕಾರ್ಖಾನೆಯ ಯಂತ್ರಕ್ಕೆ ಕೆಲಸ ಕಡಿಮೆಯಾದರೆ ಅದು ತಾನಾಗಿಯೇ ಉಗಿ ತಗ್ಗಿಸುತ್ತದೆ. ಈ ಚಕ್ರಕ್ಕೆ ಆ ಬುದ್ಧಿ ಇಲ್ಲ. ಹುಟ್ಟಿದ ಕರೆಂಟನ್ನು ಏಳು ಬಲ್ಬೂ ಸೇರಿ ತಿನ್ನಲೇಬೇಕು. ಆರಿಸಿದರೆ ಭಾರ ತಗ್ಗಿ ಚಕ್ರಕ್ಕೆ ಹುಚ್ಚು ಹಿಡಿಯುತ್ತದೆ, ಮಿತಿಮೀರಿ ತಿರುಗುತ್ತದೆ. ಬಲ್ಬು ಬದಲಾಯಿಸುವಾಗ ಮಾತ್ರ ಸ್ವಿಚ್ಚು ಮುಟ್ಟಿ, ಅದೂ ಮೇಲೆ ನೀರು ನಿಲ್ಲಿಸಿ." ಮರುದಿನ ಬೆಳಿಗ್ಗೆ ಅವರು ಬಸ್ಸು ಹತ್ತಿ ಕೆಲಸಕ್ಕೆ ಹೋದರು.

ಮೂರನೆಯ ಸಂಜೆ ಚಕ್ರದಿಂದ ಡೈನಮೋಗೆ ಹಾಕಿದ್ದ ಬೆಲ್ಟು ಜಾರತೊಡಗಿತು. ಅಪ್ಪ ಬೆಲ್ಟಿನ ಹಿಡಿತಕ್ಕೆ ಹಚ್ಚುವ ರಾಳದ ಪುಡಿ ಹಿಡಿದು ಕೆಳಗೆ ಚಕ್ರದ ಗುಂಡಿಗೆ ಇಳಿದರು. ನೀರು ನಿಲ್ಲಿಸಿ ಇಳಿಯಬೇಕಿತ್ತು, ಅವಸರದ ಮನುಷ್ಯ, ನಿಲ್ಲಿಸಲಿಲ್ಲ. ನಾನೂ ಅಕ್ಕನೂ ಜಗಲಿಯಲ್ಲಿ ಪುಸ್ತಕ ಬಿಡಿಸಿ ಕೂತಿದ್ದೆವು.

ಇದ್ದಕ್ಕಿದ್ದಂತೆ ಪುಟದ ಮೇಲಿನ ಬೆಳಕು ಬೆಳ್ಳಗಾಯಿತು. ತಲೆಯೆತ್ತಿ ನೋಡಿದರೆ ಕಣ್ಣು ಕುಕ್ಕಿತು. ಕೆಳಗೆ ಗುರುಗುರು ಎನ್ನುತ್ತಿದ್ದ ಚಕ್ರ ಸುಂಯ್ ಎಂದು ಕೂಗತೊಡಗಿತ್ತು. ಹಟ್ಟಿಯ ಕಡೆ ನೋಡಿದೆ, ಕತ್ತಲು. ಬಚ್ಚಲೂ ಕತ್ತಲು. ಉಗ್ರಾಣದ ಬಾಗಿಲಲ್ಲಿ ಅಜ್ಜಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು. ಮನೆಯಲ್ಲಿ ಜನ ಇಲ್ಲದ ಕಡೆ ದೀಪ ಉರಿಯಲು ಅವರು ಎಂದೂ ಬಿಟ್ಟವರಲ್ಲ. ಎರಡು ದಿನದಿಂದ ಖಾಲಿ ಕೋಣೆಗಳಲ್ಲಿ ಉರಿಯುತ್ತಿದ್ದ ಬಲ್ಬುಗಳನ್ನು ನೋಡಿ ಗೊಣಗುತ್ತಲೇ ಇದ್ದರು.

"ಅಜ್ಜೀ, ಆರಿಸಬೇಡಿ!" ಎಂದು ಕಿರುಚುವುದರೊಳಗೆ ಅದೂ ಆರಿತು. ಜಗಲಿಯ ಬಲ್ಬು ಪಟ್ಟೆಂದು ಒಡೆದು ಗಾಜು ನಮ್ಮ ಪುಸ್ತಕದ ಮೇಲೆ ಉದುರಿತು. ಒಳಗೆ ಇನ್ನೊಂದು ಒಡೆಯಿತು. ಒಂದೊಂದು ಒಡೆದ ಹಾಗೆಲ್ಲ ಚಕ್ರದ ಕೂಗು ಏರುತ್ತಾ ಹೋಯಿತು. ಅದರ ಪಕ್ಕದಲ್ಲೇ ಅಪ್ಪನ ಕೈ ಇತ್ತು.

"ನಾನು ಅಪ್ಪನನ್ನು ಕರೀತೇನೆ, ನೀನು ಮೇಲೆ ಓಡು!" ಎಂದು ಅಕ್ಕ ಕೆಳಗೆ ಧಾವಿಸಿದಳು. ನಾನು ಗುಡ್ಡ ಹತ್ತಿದೆ. ಕಾಲಿಗೆ ಏನು ಚುಚ್ಚಿತೋ ನೋಡಲಿಲ್ಲ. ತೊಟ್ಟಿಯಲ್ಲಿ ಪೈಪಿನ ಬಾಯಿಗೆ ಮೇಲಿನಿಂದ ಇಳಿಸಿ ಮುಚ್ಚುವ ಹಲಗೆ ನೆನೆದು ಉಬ್ಬಿ ಬಿಗಿದುಕೊಂಡಿತ್ತು. ಎರಡೂ ಕೈಯಲ್ಲಿ ಒತ್ತಿದರೂ ಅಲುಗಲಿಲ್ಲ. ಅಳುತ್ತಾ ಬೈದೆ, ಕೊನೆಗೆ ಹಲಗೆಯ ಮೇಲೆ ಹತ್ತಿ ನಿಂತು ಕುಪ್ಪಳಿಸಿದೆ. ಮೂರನೆಯ ಸಲಕ್ಕೆ ಹಲಗೆ ಇಳಿಯಿತು, ನಾನು ಎದೆಯವರೆಗೆ ತಣ್ಣೀರಿಗೆ ಬಿದ್ದೆ.

ಕೂಗು ಇಳಿಯುತ್ತಾ ಇಳಿಯುತ್ತಾ ನಿಂತಿತು. ಆಮೇಲೆ ಯಾವ ಸದ್ದೂ ಇಲ್ಲ. ಅಕ್ಕನ ಧ್ವನಿಯೂ ಇಲ್ಲ. ಅಷ್ಟು ಭಯ ನನಗೆ ಜನ್ಮದಲ್ಲಿ ಮತ್ತೆ ಆಗಿಲ್ಲ. ಅಪ್ಪ ಹೋದರು ಎಂದೇ ತಿಳಿದು ನೀರಿನಲ್ಲೇ ನಿಂತಿದ್ದೆ.

"ಯಾರು ಆರಿಸಿದ್ದು?" ಎಂದು ಅಪ್ಪ ಕೆಳಗಿನಿಂದ ಅಬ್ಬರಿಸಿದರು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಕಳಚಿ ಹಾರಿದ ಬಟ್ಟಲೊಂದು ಅವರ ಹಣೆ ಸೀಳಿಕೊಂಡು ಹೋಗಿತ್ತು. ಇನ್ನೊಂದು ಬೆರಳಿನಷ್ಟು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಅಕ್ಕ ಲಂಗದ ಅಂಚು ಹರಿದು ಗಾಯಕ್ಕೆ ಒತ್ತಿ ಹಿಡಿದು ಅವರನ್ನು ಮನೆಗೆ ಕರೆತಂದಳು. ಚಿಮಿಣಿ ದೀಪದಲ್ಲಿ ಆ ರಕ್ತ ನೋಡಿ ಅಜ್ಜಿ ಗೋಡೆ ಹಿಡಿದು ಕೂತುಬಿಟ್ಟರು.

"ಆರಿಸಬಾರದು ಅಂತ ಗೊತ್ತಿಲ್ಲವಾ ಅಮ್ಮ?" ಎಂದು ಅಪ್ಪ ಕೂಗಿದರು.

"ನನಗೆ ಯಾರು ಹೇಳಿದ್ದು ಮಗಾ?" ಎಂದರು ಅಜ್ಜಿ.

ಮಾವ ಅಂಗಳದಲ್ಲಿ ಹೇಳುವಾಗ ಅಜ್ಜಿ ಒಳಗೆ ನಮಗೆಲ್ಲ ಗಂಜಿ ಬೇಯಿಸುತ್ತಿದ್ದರು. ನಾವು ನೀರನ್ನು ಅಳೆದಿದ್ದೆವು, ಎತ್ತರವನ್ನು ಅಳೆದಿದ್ದೆವು, ಬೆಲ್ಟು ತಿನ್ನುವುದನ್ನೂ ಕಳೆದಿದ್ದೆವು. ಅದೇ ಮನೆಯಲ್ಲಿದ್ದ ಅಜ್ಜಿಗೆ ಒಂದು ಮಾತು ಹೇಳಬೇಕೆಂದು ನಾಲ್ಕು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ವಾರದಲ್ಲಿ ಚಕ್ರ ಮತ್ತೆ ತಿರುಗಿತು. ಅಮ್ಮ ತಮ್ಮನನ್ನು ಎತ್ತಿಕೊಂಡು ಬೆಳಕಿನ ಮನೆಗೇ ಬಂದಳು. ಆದರೆ ಅಜ್ಜಿ ಸಾಯುವವರೆಗೂ ಸ್ವಿಚ್ಚು ಮುಟ್ಟಲಿಲ್ಲ. ಮುಂದೆ ಊರಿಗೆ ಕಂಬ ಬಂದು ಚಕ್ರವನ್ನು ಅಟ್ಟಕ್ಕೆ ಹಾಕಿದ ಮೇಲೂ ಮುಟ್ಟಲಿಲ್ಲ. ಅಪ್ಪ ಎಷ್ಟು ಹೇಳಿದರೂ "ಬೇಡ ಮಗಾ, ನನಗೆ ಗೊತ್ತಾಗುವುದಿಲ್ಲ" ಎಂದು ಕತ್ತಲಲ್ಲೇ ಕೂರುತ್ತಿದ್ದರು. ಸಂಜೆಯಾದರೆ ಅಪ್ಪ ಎಲ್ಲಿದ್ದರೂ ಬಂದು ಅವರ ಕೋಣೆಯ ದೀಪ ಹಾಕುತ್ತಿದ್ದರು.

ನಿಮ್ಮ ಕಾಲದಲ್ಲಿ ಯಾರೂ ಹಂಡೆ ಹೊತ್ತು ಹೊಳೆ ಅಳೆಯಬೇಕಾಗಿಲ್ಲ. ಕರೆಂಟು ಎಲ್ಲಿಂದಲೋ ಬರುತ್ತದೆ, ಆರಿಸಿದರೆ ಯಾರ ಹಣೆಯೂ ಒಡೆಯುವುದಿಲ್ಲ. ಆದರೆ ಮೊನ್ನೆ, ಯಾರೂ ಇಲ್ಲದ ಕೋಣೆಯಲ್ಲಿ ಮಿಣಿಮಿಣಿ ಎನ್ನುತ್ತಿದ್ದ ಆ ಪುಟ್ಟ ಪೆಟ್ಟಿಗೆಯನ್ನು ನಾನು ಆರಿಸಿದೆ. ಮಹಡಿಯಲ್ಲಿ ನಿಮ್ಮ ಆನ್‌ಲೈನ್ ಪರೀಕ್ಷೆ ಅರ್ಧಕ್ಕೆ ನಿಂತಿತಂತೆ. "ಅಜ್ಜಿಗೆ ಏನೂ ಗೊತ್ತಾಗುವುದಿಲ್ಲ" ಎಂದು ಕೂಗಾಡಿದಿರಿ. ನನಗೆ ತುಂಬಾ ನೋವಾಯಿತು. ಅಂದಿನಿಂದ ನಾನು ಆ ಕೋಣೆಗೆ ಕಾಲಿಟ್ಟಿಲ್ಲ, ನೀವು ಗಮನಿಸಲೂ ಇಲ್ಲ. ಯಾರಾದರೂ ಬಂದು ನನ್ನ ಪಕ್ಕ ಕೂತು ಅದು ಯಾಕೆ ಉರಿಯುತ್ತಿರಬೇಕು ಅಂತ ಹೇಳಿ. ಹೇಳಿದರೆ ನನಗೆ ಗೊತ್ತಾಗುತ್ತದೆ.